ಟವೆಲ್ಲಿನ ಕೆಳಗಿನ ದರ

ಅಕ್ಕಾ, ನಿನ್ನ ಎತ್ತುಗಳು ನಲವತ್ತು ಸಾವಿರಕ್ಕೆ ಹೋಗಲಿಲ್ಲ. ಅರವತ್ತಕ್ಕೆ ಹೋದವು. ಉಳಿದ ಇಪ್ಪತ್ತನ್ನು ನುಂಗಿದವನು ನಾನು — ನಿನ್ನ ಒಡಹುಟ್ಟಿದ ತಮ್ಮ.

ನೀನು ಗಂಡನನ್ನು ಕಳೆದುಕೊಂಡ ವರ್ಷ ಅದು. ಮಗಳು ಮಹಾದೇವಿಗೆ ಗದಗಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಫೀ ಕಟ್ಟಲು ಎತ್ತು ಮಾರಲೇಬೇಕಿತ್ತು. ನರಗುಂದದ ದನದ ಸಂತೆಯಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಹೆಂಗಸರು ಆ ಟವೆಲ್ಲಿನೊಳಗೆ ಕೈ ಹಾಕುವ ಪದ್ಧತಿಯಿಲ್ಲ. ಅದಕ್ಕೇ ನನ್ನನ್ನು ಕರೆದುಕೊಂಡು ಹೋದೆ. ನೀನು ಬೇವಿನ ಗಿಡದ ಹತ್ತಿರ ಎತ್ತುಗಳ ಕೊರಳು ಸವರುತ್ತ ನಿಂತಿದ್ದೆ. ವ್ಯಾಪಾರಿ ನ್ಯಾಯವಾಗಿಯೇ ನನ್ನ ಬೆರಳು ಹಿಡಿದು ಅರವತ್ತು ಎಂದ, ರೊಕ್ಕವನ್ನೂ ನನ್ನ ಕೈಗೇ ಕೊಟ್ಟ. ಚಹಾದಂಗಡಿಯ ಹಿಂದೆ ಹೋಗಿ ನಾನು ಅದನ್ನು ಎರಡು ಪಾಲು ಮಾಡಿದೆ.

"ನಲವತ್ತರ ಮ್ಯಾಲ ಏರಲಿಲ್ಲಕ್ಕಾ" ಅಂದೆ.

ನಾನು ಕೊಟ್ಟ ರೊಕ್ಕವನ್ನು ನೀನು ಎಣಿಸಲೂ ಇಲ್ಲ. ಅದರಲ್ಲೇ ನೂರರ ಒಂದು ನೋಟು ತೆಗೆದು ನನ್ನ ಜೇಬಿಗೆ ತುರುಕಿದೆ. "ಮುಂಜಾನಿಂದ ಉಪವಾಸ ನಿಂತೀಯಪಾ. ಏನರ ತಿಂದು ಹೋಗು."

ಅದನ್ನೂ ಇಟ್ಟುಕೊಂಡೆ. ಗಿರಮಿಟ್ಟು ತಿಂದೆ.

ಬೈಕಿನ ಆಸೆಯಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚು. ನಿನ್ನ ಮದುವೆಗೆ ಅಪ್ಪ ಹೊಲ ಮಾರಿದ್ದ. ನನ್ನ ಪಾಲು ನಿನ್ನ ಮೈಮೇಲೆ ಬಂಗಾರವಾಗಿದೆ ಎಂದು ನನ್ನ ಲೆಕ್ಕ. ಆ ಬಂಗಾರವೆಲ್ಲ ನಿನ್ನ ಗಂಡನ ದವಾಖಾನೆಯ ಖರ್ಚಿಗೆ ಹೋಗಿದ್ದು ಗೊತ್ತಿದ್ದೂ — ಗೊತ್ತಿದ್ದೂ...

ಫೀ ಸಾಲಲಿಲ್ಲ. ಸೀಟು ಹೋಯಿತು. ಮುಂದಿನ ಬೇಸಿಗೆಯಲ್ಲೇ ನೀನು ಮಹಾದೇವಿಯ ಮದುವೆ ಮಾಡಿದೆ. ಅಕ್ಕಿಕಾಳು ಹಾಕಲು ನಾನು ಹೊಸ ಬೈಕಿನ ಮೇಲೆ ಬಂದೆ.

ಹೋದ ತಿಂಗಳು ರೋಣದ ದವಾಖಾನೆಯಲ್ಲಿ ನಾನು ಜ್ವರ ಬಂದು ಮಲಗಿದಾಗ ನೋಡಿಕೊಳ್ಳಲು ಬಂದವಳು ಅವಳೇ. ಸಲೈನ್ ಬಾಟಲಿ ಬದಲಿಸುವಾಗ ನರ್ಸಿನ ಕೈಯನ್ನೇ ನೋಡುತ್ತಿದ್ದಳು. ಒಂದೊಂದು ಗುಳಿಗೆಯೂ ಯಾತಕ್ಕೆಂದು ಕೇಳಿ ತಿಳಿದುಕೊಳ್ಳುತ್ತಿದ್ದಳು. ಆಮೇಲೆ ಚಾದರದೊಳಗೆ ಕೈ ಹಾಕಿ ನನ್ನ ಮುಂಗೈ ಹಿಡಿದು ನಾಡಿ ನೋಡಿದಳು.

"ಕಲೀಬೇಕಂತ ಭಾಳ ಇತ್ತು ಮಾಮಾ. ಹಣೇಬರದಾಗ ಇರಲಿಲ್ಲ" ಅಂದಳು, ನಗುತ್ತಲೇ.

ಹಣೆಬರಹವಲ್ಲ ಮಗಳೇ, ನಾನು — ಎನ್ನಬೇಕಿತ್ತು. ಅವಳು ಹಿಡಿದಿದ್ದು ಟವೆಲ್ಲಿನೊಳಗಿದ್ದ ಅದೇ ಕೈಯನ್ನು.

ಈಗ ಏನು ಮಾರಿ ಕೊಟ್ಟರೂ ಅವಳ ಆ ವರ್ಷ ತಿರುಗಿ ಬರುವುದಿಲ್ಲ. ಆದರೂ ಭಾನುವಾರ ನಿನ್ನ ಊರು ಸವಡಿಗೆ ಬರುತ್ತೇನೆ. ಮಹಾದೇವಿಯನ್ನೂ ಕರೆಸು. ನಿಮ್ಮಿಬ್ಬರ ಮುಂದೆ, ಓಣಿಗೆಲ್ಲ ಕೇಳುವಂತೆ, ಬಾಯಿಬಿಟ್ಟು ಹೇಳುತ್ತೇನೆ — ಅರವತ್ತು.