ಬಿದ್ದವರು ಕೈ ಎತ್ತುವುದಿಲ್ಲ

ಆ ದಿನ ಬೆಳಿಗ್ಗೆ ಮಾಡಿದ ಕೆಲಸಗಳು: ಎಕ್ಸ್‌ರೇ ಯಂತ್ರದ ಧೂಳು ಒರೆಸಿದ್ದು, ಅದನ್ನು ಬೆಚ್ಚಗಾಗಲು ಬಿಟ್ಟದ್ದು, ಸೀಸದ ಏಪ್ರನ್ನು ಎಲ್ಲಾದರೂ ಬಿರಿದಿದೆಯೇ ಎಂದು ನೋಡಿದ್ದು, ರಿಜಿಸ್ಟರಿಗೆ ಗೆರೆ ಹಾಕಿದ್ದು, ಕ್ಷಯದ ತಪಾಸಣೆಗೆ ಬಂದವರ ಎದೆಯ ಚಿತ್ರ ತೆಗೆದದ್ದು. ಎರಡು ವರ್ಷದ ಹಿಂದಿನ ಮಾತು. ನಾನಾಗ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ನಡುವೆಯೇ ವರ್ಗವಾಗುತ್ತ ಹತ್ತೊಂಬತ್ತು ವರ್ಷ ಕಳೆದಿದ್ದೆ. ಇದು ಯಾವ ಊರಿನಲ್ಲಿ ನಡೆಯಿತೆಂದು ಬರೆಯುವುದಿಲ್ಲ. ಆ ಹೆಣ್ಣುಮಗಳು ಇವತ್ತಿಗೂ ಇದೇ ಬಸ್ಸುಗಳಲ್ಲಿ ಓಡಾಡುವವಳು. ರೇಣುಕಾ ಎಂದು ಕರೆಯುತ್ತೇನೆ.

ಹತ್ತು ಗಂಟೆಗೆ ಹೆಡ್ ಕಾನ್‌ಸ್ಟೆಬಲ್ ಶಾರದಮ್ಮ ಗಾಯದ ಸರ್ಟಿಫಿಕೇಟುಗಳನ್ನು ಒಯ್ಯಲು ಬಂದಿದ್ದಳು.

"ಅಕ್ಕಾರ, ಈ ಸಲದ ಲೆಕ್ಕ ನೋಡಿ ನಮ್ಮ ಸಾಹೇಬ್ರು ಭಾಳ ಖುಷ್ ಅದಾರ. ಹೊಡೆದಾಟ, ಚಾಕು ಎಲ್ಲಾ ಕಡಿಮಿ. ಹಿಂಗಾದ್ರ ನಮಗ ಕೆಲಸಾನ ಇರಂಗಿಲ್ಲ."

"ನನಗ ಐತಿ ಬಿಡವ್ವ. ಮುರಕೊಂಡು ಬರೋರು ಒಬ್ಬರೂ ಕಡಿಮಿ ಆಗಿಲ್ಲ."

"ಅವ್ರೆಲ್ಲ ಬಿದ್ದೋರಲ್ರೀ!" ಎಂದು ನಕ್ಕಳು. ನಾನೂ ನಕ್ಕೆ.

ಇಲ್ಲಿ ಒಂದು ಮಾತು ವಿವರಿಸಬೇಕು. ಬೇರೆಯವರು ಹೊಡೆದು ಆದ ಗಾಯವಾದರೆ ವೈದ್ಯರು ಅದನ್ನು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂದು ಬರೆಯುತ್ತಾರೆ. ರೋಗಿ "ಬಿದ್ದೆ" ಎಂದರೆ ಸಾಮಾನ್ಯವಾಗಿ ಅದು ಅಲ್ಲಿಗೇ ಮುಗಿಯಿತು. ಠಾಣೆಯ ಲೆಕ್ಕಕ್ಕೆ ಬರುವುದಿಲ್ಲ.

ಹನ್ನೊಂದರ ಹೊತ್ತಿಗೆ ರೇಣುಕಾ ಬಂದಳು. ಇಪ್ಪತ್ತಾರಿರಬಹುದು. ಎಡಗೈಯನ್ನು ಸೆರಗಿನಲ್ಲಿ ಜೋಲಿ ಕಟ್ಟಿಕೊಂಡಿದ್ದಳು. ಜೊತೆಗೆ ಅತ್ತೆ. ಚೀಟಿಯಲ್ಲಿ 'ಬಚ್ಚಲಿನಲ್ಲಿ ಜಾರಿ ಬಿದ್ದದ್ದು' ಎಂದಿತ್ತು.

"ನಾನೂ ಒಳಗ ಬರ್ತೀನ್ರಿ, ಆಕಿ ಭಾಳ ಅಂಜಬುರುಕಿ," ಎಂದಳು ಅತ್ತೆ.

"ಬರ್ರಿ. ಆದ್ರ ಕಿರಣ ನಿಮಗೂ ಬೀಳ್ತಾವ."

"ಅಯ್ಯ, ನನಗ್ಯಾಕ ಬೇಕವ್ವ," ಎಂದು ಬಾಗಿಲಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದಳು.

ಇಡೀ ಆಸ್ಪತ್ರೆಯಲ್ಲಿ ಜೊತೆಗೆ ಬಂದವರು ಹೊರಗೆ ನಿಲ್ಲಲೇಬೇಕಾದ ಕೋಣೆ ನನ್ನದೊಂದೇ. ಕಿಟಕಿ ಇಲ್ಲ. ಬಾಗಿಲಿಗೆ ಸೀಸದ ತಗಡು. ಹೊರಗೆ ಕೆಂಪು ಬಲ್ಬು ಉರಿಯುತ್ತಿರುವಷ್ಟು ಹೊತ್ತು ಯಾರೂ ಬಾಗಿಲು ತೆರೆಯುವಂತಿಲ್ಲ. ಹತ್ತೊಂಬತ್ತು ವರ್ಷ ನಾನು ಆ ಬಾಗಿಲನ್ನು ಕಿರಣ ತಡೆಯಲು ಮಾತ್ರ ಮುಚ್ಚಿದ್ದೆ.

ಚಿತ್ರ ಪರದೆಯ ಮೇಲೆ ಬಂತು. ಬೀಳುವವರು ಅಂಗೈ ಊರುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಇವಳ ಮಣಿಕಟ್ಟು ನೆಟ್ಟಗಿತ್ತು. ಮುಂಗೈಯ ಕಿರುಬೆರಳ ಬದಿಯ ಎಲುಬು ನಟ್ಟನಡುವೆ ಅಡ್ಡಕ್ಕೆ ಮುರಿದಿತ್ತು. ಮುಖಕ್ಕೆ ಬರುವ ಏಟಿಗೆ ಕೈ ಅಡ್ಡ ಹಿಡಿದಾಗ ಮುರಿಯುವ ರೀತಿ ಅದು. ಅದರ ಮೇಲ್ಗಡೆ ಹಳೆಯ ಮುರಿತವೊಂದು ಕೂಡಿಕೊಂಡ ಗಂಟೂ ಕಾಣುತ್ತಿತ್ತು. ಇಂಥ ಚಿತ್ರಗಳನ್ನು ಮೊದಲೂ ತೆಗೆದಿದ್ದೆ. ತೆಗೆಯುವುದು ನನ್ನ ಕೆಲಸ, ಓದುವುದು ವೈದ್ಯರದು ಎಂದುಕೊಂಡು ಸುಮ್ಮನಿರುತ್ತಿದ್ದೆ. ಆ ದಿನ ಆಗಲಿಲ್ಲ.

"ಯಾರವ್ವ ಹೊಡೆದೋರು?" ಎಂದು ಕೇಳಿಬಿಟ್ಟೆ.

ಅವಳ ಮುಖ ಗೋಡೆಯಂತಾಯಿತು. "ಬಿದ್ದೆನ್ರಿ."

"ಬಿದ್ದೋರು ಕೈ ಎತ್ತಂಗಿಲ್ಲ."

"ಬಿದ್ದೆನ್ರಿ ಅಕ್ಕಾ. ಬಾಗಿಲಾ ತಗೀರಿ."

ಹೊರಗಿನಿಂದ ಅತ್ತೆ ಬಡಿದಳು. "ಎಷ್ಟೊತ್ರೀ?"

"ಚಿತ್ರ ಅಲುಗೇತಿ, ಇನ್ನೊಂದು ತಗೀಬೇಕು," ಎಂದು ಕೂಗಿ ಹೇಳಿ ಬಲ್ಬು ಮಾತ್ರ ಹಾಕಿದೆ. ಯಂತ್ರ ಮುಟ್ಟಲಿಲ್ಲ. ಅವಳ ಪಕ್ಕದಲ್ಲೇ ಕುಳಿತೆ. ನನಗೆ ಮುಂದೇನು ಕೇಳಬೇಕೆಂದು ತಿಳಿಯಲಿಲ್ಲ. ಕೊನೆಗೆ, "ನಿನಗ ಮೊದಲು ಏನಾಗಬೇಕವ್ವ?" ಎಂದೆ.

ಅವಳು ಪರದೆಯನ್ನೇ ನೋಡುತ್ತಿದ್ದಳು.

"ಹಳೇದೂ ಕಾಣ್ತೈತೇನ್ರಿ?"

"ಕಾಣ್ತೈತಿ."

"ಅದು ಹಡಗಲ್ಯಾಗ ತೋರಿಸಿದ್ದು. ಪಕ್ಕಿ ಎಲುಬು ಹರಪನಹಳ್ಳ್ಯಾಗ. ಒಂದ ದವಾಖಾನಿಗೆ ಎರಡು ಸಲ ಕರಕೊಂಡು ಹೋಗಂಗಿಲ್ರಿ ನಮ್ಮತ್ತಿ." ಆಮೇಲೆ ತುಟಿ ಅಲುಗಿದ್ದಷ್ಟೇ ಕಂಡಿತು, ಬಗ್ಗಿ ಕೇಳಿಸಿಕೊಂಡೆ. "ನಾನು ಬಾಯಿ ಬಿಟ್ರ ನನ್ನ ಮಗಳು ಅಲ್ಲೇ ಉಳೀತಾಳ. ನಾಕು ವರ್ಷದಾಕಿ. ಆಕಿನ್ನ ನನ್ನ ಗಂಡ ತನ್ನ ಹಂತ್ಯಾಕ ಇಟ್ಟುಕೊಂಡ ನನ್ನ ಇಲ್ಲಿಗೆ ಕಳಿಸ್ಯಾನ. ಮೊದಲು ಮಗಳು ಬರ್ಲಿ. ಆಮ್ಯಾಲ ಏನು ಬೇಕಾದ್ದು ಬರಕೋರಿ."

ನಾನು ದುಡಿದ ಊರುಗಳ ರಿಜಿಸ್ಟರುಗಳು ಕಣ್ಣ ಮುಂದೆ ಬಂದವು. ಒಂದೊಂದರಲ್ಲಿ ಒಂದೊಂದೇ ಸಲ ಬಿದ್ದವಳು. ಯಾವ ಪುಟದಲ್ಲೂ ಸಂಶಯ ಬರುವ ಹಾಗಿಲ್ಲ.

ವೈದ್ಯರಿಗೆ ಹೇಳಿದೆ. ಕೆಲಸಕ್ಕೆ ಸೇರಿ ವರ್ಷವಾಗದ ಹುಡುಗ ವೈದ್ಯರು, ಮೈಸೂರಿನ ಕಡೆಯವರು. "ಊತ ತುಂಬ ಇದೆ, ಹೇಗೂ ಅಡ್ಮಿಟ್ ಮಾಡ್ತೀನಿ. ಆಕೆ ನನ್ನ ಮುಂದೆ ಹೇಳಿದ ಕ್ಷಣ ಎಂಎಲ್‌ಸಿ ಬರೀತೀನಿ. ಮಗುವನ್ನ ಕರೆಸೋದು ಹೇಗೆ?" ಎಂದರು.

ಕರೆಸಿದವಳು ಅತ್ತೆಯೇ. ನಾನು ವಾರ್ಡಿಗೆ ಹೋಗಿ, "ಮೂರು ದಿನ ಇಲ್ಲೇ ಇರಬೇಕಾಗ್ತದ. ಮೊಮ್ಮಗಳು ಮನ್ಯಾಗ ಗದ್ಲ ಮಾಡಂಗಿಲ್ಲೇನ್ರಿ?" ಎಂದಷ್ಟೇ ಕೇಳಿದೆ. ಅವಳು ಹಣೆ ಚಚ್ಚಿಕೊಂಡು ಫೋನು ತೆಗೆದಳು. "ಲೇ, ಆ ಹುಡುಗೀನ ತಂದು ಇಲ್ಲಿ ಒಗದು ಹೋಗು. ರಾತ್ರೆಲ್ಲ ನಿನ್ನ ತಲಿ ತಿಂತಾಳ."

ಹನ್ನೆರಡರಿಂದ ನಾಲ್ಕರವರೆಗೆ ಕಾದೆವು. ಅತ್ತೆ ಮಂಚದ ಕಾಲಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ರೇಣುಕಾ ಕಣ್ಣು ಮುಚ್ಚಿ ಮಲಗಿದ್ದಳು. ನಿದ್ದೆಯಲ್ಲವೆಂದು ಅವಳ ಕಾಲ್ಬೆರಳು ಹೇಳುತ್ತಿದ್ದವು. ನಾನು ಮತ್ತೆ ಎದೆಯ ಚಿತ್ರಗಳನ್ನು ತೆಗೆಯುತ್ತ, ಒಂದೊಂದಕ್ಕೂ ಬಾಗಿಲು ಮುಚ್ಚುತ್ತ, ಪ್ರತಿ ಬೈಕಿನ ಸದ್ದಿಗೂ ಹೊರಗೆ ಇಣುಕುತ್ತಿದ್ದೆ. ಅವನು ಬರದಿದ್ದರೆ? ಬಂದು, ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆಂದರೆ? ತಡೆಯಲು ನನ್ನ ಬಳಿ ಯಾವ ಕಾಗದವೂ ಇರಲಿಲ್ಲ.

ನಾಲ್ಕೂ ಹತ್ತಕ್ಕೆ ಗಂಡ ಬಂದ. ಗೇಟಿನಲ್ಲೇ ಮಗುವನ್ನು ಇಳಿಸಿ, ಬೈಕು ತಿರುಗಿಸಿ ಹೊರಟ. ಮಗು ತಾಯಿಯ ಮಂಚ ಹತ್ತಿತು. ನಾನು ವೈದ್ಯರನ್ನು ಕರೆತಂದೆ. ರೇಣುಕಾ ಬಲಗೈಯಿಂದ ಅದರ ಲಂಗದ ತುದಿ ಹಿಡಿದುಕೊಂಡು, ಅತ್ತೆ ಅಲ್ಲೇ ಇರುವಂತೆಯೇ, ವೈದ್ಯರನ್ನು ನೋಡಿ ಹೇಳಿದಳು: "ನಾನು ಬಿದ್ದಿಲ್ರಿ ಸರ್. ನನ್ನ ಗಂಡ ಒನಕೆ ತಗೊಂಡು ಹೊಡದಾನ."

ಅರ್ಧ ತಾಸಿನಲ್ಲಿ ಶಾರದಮ್ಮ ಬಂದು ಹೇಳಿಕೆ ಬರೆದುಕೊಂಡಳು. ಈ ಸಲ ನಗಲಿಲ್ಲ. ಅತ್ತೆ ಚಪ್ಪಲಿ ಮೆಟ್ಟಿಕೊಳ್ಳುತ್ತ ನನಗೆ, "ನೀವು ಬೇಷ್ ಮಾಡಿದ್ರಿ. ಎಲ್ಲಿಗೆ ಹೋಗ್ತಾಳ ಈಕಿ? ನಿಮ್ಮ ಮನಿಗೇನು?" ಎಂದಳು. ಮರುದಿನ ಬರುತ್ತೇನೆಂದು ರೇಣುಕಾಳ ಅಣ್ಣ ಫೋನಿನಲ್ಲಿ ಹೇಳಿದ್ದ, ಅಷ್ಟೇ. ಕೇಸು ಇನ್ನೂ ನಡೆಯುತ್ತಿದೆ.

ಅಪರಾಧ ಕಡಿಮೆಯಾಗಿದೆ ಎಂದು ಯಾರಾದರೂ ಹೇಳಿದರೆ ಈಗ ನಾನು ಬಿದ್ದವರ ರಿಜಿಸ್ಟರು ತೆರೆದು ನೋಡುತ್ತೇನೆ. ಬಾಗಿಲು ಮುಚ್ಚಿದ ಮೇಲೆ "ಯಾರು ಹೊಡೆದರು" ಎಂದು ಮೊದಲು ಕೇಳುವುದಿಲ್ಲ. ನಿನಗೆ ಮೊದಲು ಏನಾಗಬೇಕು ಎಂದು ಕೇಳುತ್ತೇನೆ. ಈ ಕೆಲಸ ಕಲಿಸಿದ್ದು ಇಷ್ಟು, ಅದೂ ತಡವಾಗಿ.

ಆ ಸಂಜೆ ನನ್ನ ಮನೆಯಿಂದ ಅನ್ನ, ಹೆಸರುಕಾಳಿನ ಸಾರು, ಶೇಂಗಾ ಚಟ್ನಿ ತರಿಸಿದೆ. ಮಗು ಅದನ್ನು ಮುಟ್ಟದೆ ಹಾಲಿನಲ್ಲಿ ಬ್ರೆಡ್ಡು ಅದ್ದಿಕೊಂಡು ತಿಂದಿತು. ರೇಣುಕಾ ಎರಡು ಸಲ ಅನ್ನ ಹಾಕಿಸಿಕೊಂಡಳು. ಕೈ ತೊಳೆಸಿ ನಾನು ತಟ್ಟೆ ಬೆಳಗಿಟ್ಟು ಬರುವಷ್ಟರಲ್ಲಿ ಅವಳು ಗೋಡೆಗೆ ಒರಗಿದಂತೆಯೇ ನಿದ್ದೆ ಹೋಗಿದ್ದಳು. ಮಗು ಇನ್ನೂ ಎಚ್ಚರವಾಗಿತ್ತು.