ಹಗ್ಗದ ಸಾಲು

ಸದಾಶಿವಗಡದಲ್ಲಿ ನಮ್ಮ ಪಕ್ಕದ ಮನೆಯ ಮೀನುಗಾರರೊಬ್ಬರಿಗೆ ಬೆನ್ನುಮೂಳೆಯ ಕೀಲುಗಳು ವರ್ಷದಿಂದ ವರ್ಷಕ್ಕೆ ಬೆಸೆದುಕೊಳ್ಳುವ ಕಾಯಿಲೆಯಿತ್ತು. ಹಿಂದಿನಿಂದ ಕರೆದರೆ ಕುತ್ತಿಗೆ ತಿರುಗುತ್ತಿರಲಿಲ್ಲ. ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಬೆಳಿಗ್ಗೆ ಗೋಡೆಗೆ ಬೆನ್ನೊತ್ತಿ ನಿಂತು ಕೈಯೆತ್ತುವರು, ಆಮೇಲೆ ದಂಡೆಯುದ್ದಕ್ಕೂ ನಡೆಯುವರು. ಯಾರು ಏನು ಕೇಳಿದರೂ ಒಂದೇ ಮಾತು: "ಕೂತ್ರೆ ಕಟ್ಟಿಗೆ ಆಗ್ತೆ ಮಾರಾಯ."

ಒಮ್ಮೆ ದಂಡೆಯಿಂದ ದೊಡ್ಡ ಬಲೆ ಎಳೆಯುವಾಗ ತಂಡದ ಮುಖ್ಯಸ್ಥ, "ಅಣ್ಣಾ, ನೀ ಇಲ್ಲೇ ಕೂತ್ಕೋ. ನಿನ್ ಪಾಲಿನ ಮೀನು ಮನೆಗೆ ಕಳಿಸ್ತೆ" ಎಂದ.

"ಹಗ್ಗ ಮುಟ್ಟದೆ ಪಾಲು ಎಂತಕ್ಕೆ?" ಎಂದವರೇ ಹೋಗಿ ಸಾಲಿನ ನಡುವೆ ಸೇರಿಕೊಂಡರು.

ಬಲೆ ಎಳೆಯುವವರೆಲ್ಲ ಸಮುದ್ರಕ್ಕೆ ಮುಖ ಮಾಡಿ, ಮೈ ಬಿಗಿಹಿಡಿದು, ಹಿಂದೆ ಹಿಂದೆ ಹೆಜ್ಜೆ ಇಡುತ್ತಾರೆ. ಯಾರೂ ಕುತ್ತಿಗೆ ತಿರುಗಿಸುವುದಿಲ್ಲ. ದೂರದಲ್ಲಿ ನಿಂತಿದ್ದ ನನಗೆ ಆ ಸಾಲಿನಲ್ಲಿ ನಮ್ಮ ಪಕ್ಕದ ಮನೆಯವರು ಯಾರೆಂದು ಗುರುತು ಸಿಗಲಿಲ್ಲ.