ಲಗ್ನಪತ್ರಿಕೆಯಲ್ಲಿ ತಿಪ್ಪಕ್ಕನ ಸಾಲು

ಗಂಡ ಸತ್ತವಳ ಹೆಸರಿನಲ್ಲಿ ನಾವು ಲಗ್ನಕ್ಕೆ ಕರೆಯುವುದಿಲ್ಲ. ಹೆತ್ತು ಸಾಕಿದವಳು ಅವಳೇ ಆಗಿರಲಿ, ಪತ್ರಿಕೆಯಲ್ಲಿ ದೊಡ್ಡಪ್ಪನೋ ಚಿಕ್ಕಪ್ಪನೋ ಹೆಂಡತಿ ಸಮೇತ ಬಂದು ನಿಲ್ಲುತ್ತಾನೆ. ಗೊತ್ತಿಲ್ಲ ಅನ್ನಬೇಡಿ; ಅಂಥ ಪತ್ರಿಕೆ ಹಿಡಿದು ಹೋಗಿ ಉಂಡು ಬಂದಿದ್ದೀರಿ.

ಹೊಸದುರ್ಗದ ಬಸ್ ಸ್ಟ್ಯಾಂಡ್ ಹಿಂದೆ ಕೆಂಚಣ್ಣನ ಕಂಪ್ಯೂಟರ್ ಅಂಗಡಿ. ಅಲ್ಲಿ ಕೆಲಸಕ್ಕಿದ್ದ ಗೋವರ್ಧನ ಶ್ರೀರಾಂಪುರದ ಕಡೆಯ ಗೊಲ್ಲರಹಟ್ಟಿಯವನು. ಅಪ್ಪ ಸತ್ತಾಗ ಇವನು ಅಂಬೆಗಾಲು ಬಿಟ್ಟು ನಡೆಯುತ್ತಿದ್ದ, ತಂಗಿ ಮೀನಾಕ್ಷಿ ಕೈಗೂಸು. ಅವ್ವ ತಿಪ್ಪಕ್ಕ ಕುರಿ ಕಾಯ್ದು ಇಬ್ಬರನ್ನೂ ದಡ ಮುಟ್ಟಿಸಿದಳು.

ಎರಡು ಸಾವಿರದ ಆರರ ಹೊತ್ತಿಗೆ ಗೋವರ್ಧನ ಒಂದು ಕರಾಮತ್ತು ಮಾಡಿದ. ಅಲ್ಲಿಯವರೆಗೆ ಪ್ರತಿ ಲಗ್ನಪತ್ರಿಕೆಯನ್ನೂ ಮೊದಲಿಂದ ಕೂಡಿಸಬೇಕಿತ್ತು. ಇವನು ವೆಬ್ ಪುಟ ಕಟ್ಟುವ ಭಾಷೆ ಎಚ್‌ಟಿಎಂಎಲ್‌ನಲ್ಲಿ ಒಂದು ಮಾದರಿ ಪುಟ ಬರೆದ: ಮೇಲೆ ಗಣಪತಿ, ಅಂಚಿಗೆ ಬಳ್ಳಿ, ಹೆಸರುಗಳಿಗೆ ಖಾಲಿ ಜಾಗ. ಹೆಸರು, ಊರು, ಮುಹೂರ್ತ ಟೈಪ್ ಮಾಡಿ ಗುಂಡಿ ಒತ್ತಿದರೆ ಸಾಕು, ಇವನ ಕೋಡು ಎಲ್ಲವನ್ನೂ ಜಾಗಕ್ಕೆ ತುಂಬಿ ಪಿಡಿಎಫ್ ಕೈಗಿಡುತ್ತಿತ್ತು. ಅದು ನೇರ ಚಿತ್ರದುರ್ಗದ ಪ್ರೆಸ್ಸಿಗೆ.

ತಂದೆ-ತಾಯಿ ಹೆಸರು ಕೇಳಿದಾಗ ಮಾತ್ರ ಕೆಲವು ಗಿರಾಕಿಗಳು ಕೂತಲ್ಲೇ ಕೆಮ್ಮುತ್ತಿದ್ದರು. "ಹುಡುಗಿ ಅಪ್ಪ ಇಲ್ಲಪ್ಪ... ಅವ್ವನ ಹೆಸ್ರು... ನಿಂಗೇ ಗೊತ್ತಲ್ಲ..."

ಈ ತೊದಲು ಕೇಳಿ ಬೇಸತ್ತ ಗೋವರ್ಧನ ಕೋಡಿಗೊಂದು ಷರತ್ತು ಸೇರಿಸಿದ. 'ತಂದೆ ಇಲ್ಲ' ಎಂಬಲ್ಲಿ ಟಿಕ್ ಹಾಕಿದರೆ ತಾಯಿಯ ಸಾಲು ತಾನೇ ಮಾಯ. ಆ ಜಾಗಕ್ಕೆ ಚಿಕ್ಕಪ್ಪ, ಚಿಕ್ಕಮ್ಮ. ಕೆಂಚಣ್ಣ ಬೆನ್ನು ತಟ್ಟಿದ: "ಭೇಷ್ ಕಣ್ಲೇ! ಇನ್ನ ಯಾರೂ ಬಾಯಿ ಬಿಡಂಗಿಲ್ಲ."

ನಾಚಿಕೆಗೇಡಿನ ಕೆಲಸಕ್ಕೆ ನಾಚಿಕೆಯೇ ಬೇಡದಂಥ ಅನುಕೂಲ!

ಮೀನಾಕ್ಷಿಗೆ ಹಿರಿಯೂರಿನ ಗಂಡು ಗೊತ್ತಾಯಿತು. ಗೋವರ್ಧನನೇ ಕೂತು ವಿವರ ತುಂಬಿದ, ಟಿಕ್ ಹಾಕಿದ, ಚಿಕ್ಕಪ್ಪ ಕಾಟಯ್ಯನ ಹೆಸರು ಕೊಟ್ಟ. ಕೈ ಎಲ್ಲೂ ತಡೆಯಲಿಲ್ಲ.

ಪತ್ರಿಕೆಗಳು ಮನೆಗೆ ಬಂದವು. ತಿಪ್ಪಕ್ಕ ಕೈ ತೊಳೆದು ಬಂದು ಒಂದನ್ನು ಎತ್ತಿಕೊಂಡಳು. ಹಿಂದೆ ಸಾಕ್ಷರತೆಯವರು ಹಟ್ಟಿಗೆ ಬಂದಿದ್ದಾಗ ಅವಳು ಕಲಿತದ್ದು ತನ್ನ ಹೆಸರೊಂದನ್ನೇ. ಓದಲು ಬರುವ ಆ ಒಂದೇ ಪದ ಹುಡುಕುತ್ತ ಬೆರಳು ಮೇಲಿಂದ ಕೆಳಗೆ ಸರಿಯಿತು. ಮತ್ತೆ ಮೇಲಿಂದ ಹಿಡಿಯಿತು.

"ನಂದೆಲ್ಲೈತ್ಲಾ?"

"ಅದು... ಕಂಪ್ಯೂಟ್ರೇ ಹಂಗ್ ಮಾಡ್ತೈತೆ, ಅವ್ವ."

"ಅದಕ್ಕೆ ಯಾರ್ ಹೇಳಿದ್ರು, ನಾನು ಮುಂಡೆ ಅಂತ?"

ಗೋವರ್ಧನ ಕಟ್ಟನ್ನು ತನ್ನ ಕಡೆ ಎಳೆದುಕೊಂಡ. ಇನ್ನೊಂದು ಸಲ ಅಚ್ಚು ಹಾಕಿಸ್ತೀನಿ ಅಂದ.

"ಕಾಟಯ್ಯ ಆಗ್ಲೇ ಒಂದ್ ಕಟ್ಟು ತಗಂಡು ಹಂಚಾಕೆ ಹೋದ. ಈಗ ಅವನ ಹೆಸ್ರು ತೆಗುದ್ರೆ ಧಾರೆ ಎರಿಯಾಕೆ ಬತ್ತಾನೇನ್ಲಾ? ಸುಮ್ಕಿರು." ಪತ್ರಿಕೆಯನ್ನು ಕಟ್ಟಿನೊಳಗೆ ತೂರಿಸಿ ಕುರಿ ರೊಪ್ಪದ ಕಡೆ ನಡೆದಳು.

ಮರುದಿನ ಅಂಗಡಿಗೆ ಹೋದವನೇ ಆ ಷರತ್ತನ್ನು ಕಿತ್ತು ಹಾಕಿದ. ಕೆಂಚಣ್ಣ ಕೂಗಾಡಿದ: "ಗಿರಾಕಿ ಜಗಳಕ್ ಬರ್ತಾರಲೇ!"

"ಬರ್ಲಿ ಬಿಡಣ್ಣ. ಅವ್ವನ ಹೆಸ್ರು ಬ್ಯಾಡ ಅನ್ನೋರು ನನ್ ಮಕ ನೋಡಿ ಅನ್ಲಿ."

ಅಂದರು. ಬಂದವರೆಲ್ಲ ಅಂದರು. ಗೋವರ್ಧನ ತಲೆ ತಗ್ಗಿಸಿ ಕೈಯಾರೆ ಅಳಿಸಿಕೊಟ್ಟ, ಹೊಟ್ಟೆಪಾಡು. ಅಳಿಸುವಾಗಲೆಲ್ಲ ಪರದೆಯ ಮೇಲೆ ಅವ್ವನ ಬೆರಳು ಹುಡುಕುತ್ತಿರುವಂತೆ ಕಾಣುತ್ತಿತ್ತು.

ನಿಮ್ಮ ಮನೆಯ ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಹೆತ್ತವಳ ಹೆಸರು ಹಾಕಿಸಿ. ಅಷ್ಟು ಧೈರ್ಯವಿಲ್ಲವೆ? ಹಾಗಾದರೆ ಮೊದಲ ಪ್ರತಿಯನ್ನು ಅವಳ ಕೈಗೇ ಕೊಟ್ಟು, ಯಾಕಿಲ್ಲ ಅಂತ ಮುಖ ನೋಡಿ ಹೇಳಿ.